ಮಷೀನ್ ಬಿಚ್ಚುವ ಮೊದಲು ಕರೆಂಟು ನೋಡಿ

ಬಟ್ಟೆ ಒಗೆಯುವ ಮಷೀನ್ ನಿಂತ ಕೂಡಲೇ ಮೆಕ್ಯಾನಿಕ್‌ಗೆ ಫೋನು ಹೋಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಅದಕ್ಕೂ ಮೊದಲು ಗೋಡೆಯ ಪ್ಲಗ್ಗನ್ನೂ ಬೀದಿಯ ಕಂಬವನ್ನೂ ಅನುಮಾನಿಸುವುದು ಒಳ್ಳೆಯದು.

ಮನೆಗೆ ಬರಬೇಕಾದದ್ದು 230 ವೋಲ್ಟ್. ಸುತ್ತಲ ಹೊಲಗಳಲ್ಲಿ ಬೋರ್‌ವೆಲ್ ಮೋಟಾರುಗಳು ಒಟ್ಟಿಗೇ ಶುರುವಾದರೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರವಿರುವ ಮನೆಗಳಲ್ಲಿ ಅದು ಕುಸಿಯುತ್ತದೆ. ಮೋಟಾರಿನ ತಿರುಗುವ ಬಲ ಇನ್ನೂ ಬೇಗ ಕುಸಿಯುತ್ತದೆ: 160 ವೋಲ್ಟ್‌ಗೆ ಇಳಿದರೆ ಬಲ ಅರ್ಧದಷ್ಟೂ ಉಳಿಯುವುದಿಲ್ಲ. ಆಗ ನೀರು ಕುಡಿದ ಜಮಖಾನೆ ಹಾಕಿದರೆ ಮಷೀನ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಟೆಸ್ಟರ್ ಹೊತ್ತಿತಲ್ಲ ಎಂದು ನಂಬಬೇಡಿ, ಅದು 230ಕ್ಕೂ ಹೊತ್ತುತ್ತದೆ, 130ಕ್ಕೂ ಹೊತ್ತುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಹಿಡಿಸಿ, ಹೊಲದ ಮೋಟಾರುಗಳು ಓಡುವಾಗ ಒಮ್ಮೆ, ನಿಂತಾಗ ಒಮ್ಮೆ ಅಳೆಸಿ. ಎರಡಕ್ಕೂ ಭಾರಿ ಅಂತರವಿದ್ದರೆ ಸ್ಟೆಬಿಲೈಜರ್ ಬೇಕು, ಇಲ್ಲವೇ ಒಗೆಯುವ ಹೊತ್ತು ಬದಲಿಸಬೇಕು.

ನಿಮ್ಮ ಮನೆಯ ಲೈಟು ಮಂಕಾಗಿ, ಪಕ್ಕದ ಮನೆಯದು ಕಣ್ಣು ಕೋರೈಸುವಂತೆ ಉರಿದರೆ ಕತೆ ಬೇರೆ. ಕಂಬದಲ್ಲಿ ನ್ಯೂಟ್ರಲ್ ಕಳಚಿರಬಹುದು. ಕೆಲವು ಮನೆಗಳಿಗೆ 400 ವೋಲ್ಟ್‌ನ ಹತ್ತಿರ ನುಗ್ಗಬಹುದು, ಆಟೊಮ್ಯಾಟಿಕ್ ಮಷೀನಿನ ಬೋರ್ಡು ಕ್ಷಣದಲ್ಲಿ ಹೋಗುತ್ತದೆ. ಮೇನ್ ಆಫ್ ಮಾಡಿ, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ವೋಲ್ಟೇಜ್ ಸರಿಯಿದ್ದೂ ಗುಂಯ್‌ಗುಟ್ಟಿದರೆ ಕೆಪಾಸಿಟರ್ ನೋಡಬೇಕು. ಪ್ಲಗ್ ಕಿತ್ತು ಒಳಗಿನ ಚಕ್ರವನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಕರವಸ್ತ್ರವೋ ಕಾಲುಚೀಲವೋ ಸಿಕ್ಕಿರುತ್ತದೆ; ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಸತ್ತಿರುವ ಸಂಭವ ಹೆಚ್ಚು. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್‌ನ ಹೊಸದನ್ನು ಹಾಕಿಸಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು, ಬರಿಗೈಲಿ ಮುಟ್ಟಬೇಡಿ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಒಗೆತ ಸರಿಯಿದ್ದು ಹಿಂಡುವ ಟಬ್ ಮಾತ್ರ ನಿಂತಿದ್ದರೆ ಮುಚ್ಚಳದ ಸ್ವಿಚ್ ಮೊದಲು ನೋಡಿ. ನೀರು ಕಾಯಿಸುವ ಫ್ರಂಟ್ ಲೋಡ್ ಮಷೀನನ್ನಂತೂ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಲೇಬಾರದು: 2000 ವಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್ ಸಾಕೆಟ್ ಕರಗುತ್ತದೆ.

ಮುಟ್ಟಿದರೆ ಜುಮ್ಮೆನ್ನುವ ಮಷೀನನ್ನು ಒಂದು ದಿನವೂ ಬಳಸಬೇಡಿ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಟ್ಟೆ ತೆಗೆಯುವವರಿದ್ದಾರೆ. ಅದು ಜೀವದ ಜೊತೆ ಜೂಜು. ಕೆಳಗಿನಿಂದ ನುಗ್ಗಿದ ಇಲಿ ವೈರು ಕಡಿದಿರಬಹುದು. ಆದರೆ ಅರ್ಥಿಂಗ್ ಇಲ್ಲದ ಮನೆಯಲ್ಲಿ ಹೊಚ್ಚಹೊಸ ಮಷೀನೂ ಸಣ್ಣಗೆ ಜುಮ್ಮೆನ್ನಬಹುದು, ಏಕೆಂದರೆ ಅದರೊಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ಥ್ ವೈರಿಗೆ ಬಿಡುವಂತೆಯೇ ಮಾಡಿರುತ್ತಾರೆ. ಅಂಗಡಿಯವನ ಜೊತೆ ಜಗಳವಾಡಿ ಮಷೀನ್ ಬದಲಿಸಿದರೂ ಜುಮ್ಮು ನಿಲ್ಲುವುದಿಲ್ಲ.

ಹಳೇ ಮನೆಗಳ ಸಾಕೆಟ್ಟಿನಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ವೈರಿದ್ದರೂ ಕೂಡ್ಲಿಗಿ ಕಡೆಯ ಕೆಂಪು ಮರಳುಮಣ್ಣು ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಎಳೆದುಕೊಳ್ಳುವುದಿಲ್ಲ. ಎರೆಭೂಮಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಿ. ಕೆಲವರು ಖರ್ಚು ಉಳಿಸಲು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲನ್ನು ಅರ್ಥ್‌ಗೆ ಜೋಡಿಸಿಬಿಡುತ್ತಾರೆ. ನ್ಯೂಟ್ರಲ್ ಕಡಿದ ದಿನ ಮಷೀನಿನ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಇದನ್ನು ಯಾರಿಗೂ ಮಾಡಗೊಡಬೇಡಿ.

ಎಂಸಿಬಿ ಇದೆಯಲ್ಲ ಎನ್ನಬೇಡಿ, ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಹೊಸ ಮಷೀನ್ ಕೊಳ್ಳುವ ಯೋಚನೆಯಿದ್ದರೆ ಮೊದಲು ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಗುಂಡಿ ತೋಡಿಸಿ.