ಆದಿವಿಶ್ವದ ಅವಸ್ಥಾಂತರದಲ್ಲಿ ಗುಳ್ಳೆಗಳ ಚಲನೆ

ನೀರನ್ನು ಕುದಿಸುವಾಗ ಗುಳ್ಳೆಗಳೇಳುವುದನ್ನು ನಾವೆಲ್ಲರೂ ಬಲ್ಲೆವು. ಆದಿವಿಶ್ವದ ಗುಳ್ಳೆಗಳಾದರೋ ತಣಿಯುವುದರಿಂದ ಹುಟ್ಟತಕ್ಕವು. ವಿಶ್ವವು ಹಿಗ್ಗುತ್ತ ತಣಿಯುವಾಗ ಅದನ್ನು ವ್ಯಾಪಿಸಿದ ಕ್ಷೇತ್ರವೊಂದು, ಅವಸ್ಥಾಂತರದ ಉಷ್ಣತೆಯನ್ನು ದಾಟಿ ಕೆಳಗಿಳಿದರೂ, ಹಳೆಯ ಅವಸ್ಥೆಯಲ್ಲಿಯೇ ಸಿಕ್ಕಿಕೊಂಡಿರಬಹುದು; ಶುದ್ಧವಾದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದೆ ಉಳಿಯುವಂತೆ. ಆಗ ಅಲ್ಲಲ್ಲಿ ಹೊಸ ಅವಸ್ಥೆಯ ಗುಳ್ಳೆಗಳು ಮೂಡುತ್ತವೆ. ಕ್ವಾಂಟಂ ಸುರಂಗ ಕ್ರಿಯೆಯಿಂದ ಇವು ಮೂಡುವ ಬಗೆಯನ್ನು ಸಿಡ್ನಿ ಕೋಲ್ಮನ್ನರು 1977ರಲ್ಲಿ ಗಣಿತ ರೂಪದಲ್ಲಿ ವಿವರಿಸಿದರು.

ಮೂಡಿದ ಗುಳ್ಳೆಗಳೆಲ್ಲವೂ ಉಳಿಯುವುದಿಲ್ಲ. ಗುಳ್ಳೆಯೊಳಗೆ ಬಿಡುಗಡೆಯಾಗುವ ಶಕ್ತಿಯು ತ್ರಿಜ್ಯದ ಘನಕ್ಕೆ ಅನುಗುಣವಾದುದು. ಗೋಡೆಯನ್ನು ಕಟ್ಟಲು ತಗಲುವ ಶಕ್ತಿ ತ್ರಿಜ್ಯದ ವರ್ಗಕ್ಕೆ ಅನುಗುಣವಾದುದು. ಆದುದರಿಂದ ಸಣ್ಣ ಗುಳ್ಳೆಯಲ್ಲಿ ಆಯಕ್ಕಿಂತ ವ್ಯಯವೇ ಹೆಚ್ಚಾಗಿ ಅದು ಕುಗ್ಗಿ ಅಳಿಯುತ್ತದೆ. ಗೋಡೆಯ ಕರ್ಷಣದ ಎರಡರಷ್ಟನ್ನು ಒಳಹೊರಗಿನ ಒತ್ತಡಗಳ ವ್ಯತ್ಯಾಸದಿಂದ ಭಾಗಿಸಿದರೆ ದೊರೆಯುವ ತ್ರಿಜ್ಯವೇ ಇಲ್ಲಿನ ಎಲ್ಲೆ. ಅದನ್ನು ಮೀರಿದ ಗುಳ್ಳೆ ಬೆಳೆಯತೊಡಗುತ್ತದೆ. ದ್ರವದ ಹನಿಯನ್ನು ಕುರಿತು ನಾವು ಬಿ.ಎಸ್‌ಸಿ. ತರಗತಿಯಲ್ಲಿ ಬರೆಯಿಸುವ ಸೂತ್ರವೇ ಇದು. ವಿದ್ಯಾರ್ಥಿಗಳು ಅದನ್ನು ಕೇವಲ ಪರೀಕ್ಷೆಯ ಸರಕೆಂದು ಎಣಿಸಬೇಕಾಗಿಲ್ಲ.

ಬೆಳೆಯುವ ಗೋಡೆಯು ಶೂನ್ಯದಲ್ಲಾದರೆ ಬೆಳಕಿನ ವೇಗವನ್ನು ಸಮೀಪಿಸುತ್ತದೆ. ಬಿಸಿ ಪ್ಲಾಸ್ಮಾದಲ್ಲಿ ಕಣಗಳು ಗೋಡೆಗೆ ತಡೆಯೊಡ್ಡುವುದರಿಂದ ಅದು ಸಾಮಾನ್ಯವಾಗಿ ಒಂದು ಸ್ಥಿರವೇಗಕ್ಕೆ ಬಂದು ನಿಲ್ಲುತ್ತದೆ. ಗೋಳಾಕಾರದ ಒಂಟಿ ಗುಳ್ಳೆ ಎಷ್ಟೇ ರಭಸದಿಂದ ಹಿಗ್ಗಿದರೂ ಗುರುತ್ವ ತರಂಗಗಳನ್ನು ಹೊಮ್ಮಿಸದು. ಗುಳ್ಳೆಗಳು ಒಂದಕ್ಕೊಂದು ತಾಗಿ ಆ ಸಮಾಂಗತೆ ಮುರಿದಾಗಲೇ ಅವು ಹುಟ್ಟುವುವು. ತಾಗಾಟದ ಬಳಿಕ ಪ್ಲಾಸ್ಮಾದಲ್ಲಿ ಉಳಿಯುವ ಧ್ವನಿತರಂಗಗಳೂ ಅವನ್ನು ಹೊಮ್ಮಿಸುತ್ತಿರುವುವು.

ಈ ಗುಳ್ಳೆಗಳಿಂದ ನಮಗೇನೆಂದು ಕೇಳುವವರುಂಟು. ವಿಶ್ವದಲ್ಲಿ ದ್ರವ್ಯವು ಪ್ರತಿದ್ರವ್ಯಕ್ಕಿಂತ ಹೆಚ್ಚಾಗಿ ಉಳಿಯಬೇಕಾದರೆ ಉಷ್ಣ ಸಮತೋಲವು ಕೆಡಬೇಕೆಂಬುದು ಸಖರೋವರು 1967ರಲ್ಲಿ ವಿಧಿಸಿದ ನಿಬಂಧನೆಗಳಲ್ಲೊಂದು. ಚಲಿಸುವ ಗೋಡೆಯು ಅದನ್ನು ಸಲೀಸಾಗಿ ಪೂರೈಸುತ್ತದೆ. ಆದರೆ ಹಿಗ್ಸ್ ಕಣದ ದ್ರವ್ಯರಾಶಿ ಸುಮಾರು 80 ಜಿ.ಇ.ವಿ.ಯನ್ನು ಮೀರಿದರೆ ವಿದ್ಯುದ್ದುರ್ಬಲ ಅವಸ್ಥಾಂತರವು ಗುಳ್ಳೆಗಳಿಲ್ಲದೆ ನಯವಾಗಿ ನಡೆದುಹೋಗುವುದೆಂದು 1996ರ ಗಣಕ ಲೆಕ್ಕಗಳು ತೋರಿಸಿದವು. 2012ರಲ್ಲಿ ಕಂಡುಬಂದ ಆ ಕಣದ ದ್ರವ್ಯರಾಶಿ ಸುಮಾರು 125. ಅಂದರೆ ನಾವು ಬಲ್ಲ ಕಣಗಳಷ್ಟೇ ಇದ್ದಲ್ಲಿ ಆ ಗುಳ್ಳೆಗಳು ಮೂಡಲೇ ಇಲ್ಲ. ಮೂಡಿದ್ದರೆ ನಾವರಿಯದ ಕ್ಷೇತ್ರಗಳಿರಬೇಕು. ಇಷ್ಟು ಕಟುವಾಗಿ ಪರೀಕ್ಷೆಗೊಡ್ಡಬಲ್ಲ ಪ್ರಶ್ನೆ ವಿಶ್ವವಿಜ್ಞಾನದಲ್ಲಿ ಅಪರೂಪವೆಂದೇ ನಮ್ಮ ಎಣಿಕೆ.

ಪರಸ್ಪರ 25 ಲಕ್ಷ ಕಿಲೋಮೀಟರು ದೂರದಲ್ಲಿರುವ ಮೂರು ನೌಕೆಗಳ ಲೀಸಾ ಯೋಜನೆಯನ್ನು ಯೂರೋಪಿನ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಅಂಗೀಕರಿಸಿದೆ. ಅಂತಹ ಗುಳ್ಳೆಗಳ ತಾಗಾಟದಿಂದ ಹೊಮ್ಮಿದ ತರಂಗಗಳು, ವಿಶ್ವದೊಡನೆ ಹಿಗ್ಗಿ, ಇಂದು ಈ ಉಪಕರಣವು ಗ್ರಹಿಸಬಲ್ಲ ಮಿಲಿಹರ್ಟ್ಸ್ ವ್ಯಾಪ್ತಿಯ ಆಸುಪಾಸಿನಲ್ಲಿರಬೇಕು.