ಆನ್‌ಲೈನ್ ಲಾಟರಿ ಮೂಲಕ ಶಾಲಾ ಸೀಟು ಹಂಚಿಕೆ: ಅರ್ಜಿದಾರರು ತಿಳಿದಿರಬೇಕಾದ ಸಂಭವನೀಯತೆಯ ಲೆಕ್ಕ

ಪೀಠಿಕೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009, ದಿನಾಂಕ 1-4-2010ರಿಂದ ಜಾರಿಗೆ ಬಂದಿದೆ. ಕಾಯ್ದೆಯ ಸೆಕ್ಷನ್ 12(1)(ಸಿ) ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳ ಪ್ರವೇಶ ಹಂತದಲ್ಲಿ ಶೇ. 25ರಷ್ಟು ಸೀಟುಗಳನ್ನು ಅವಕಾಶವಂಚಿತ ಹಾಗೂ ದುರ್ಬಲ ವರ್ಗಗಳ ಮಕ್ಕಳಿಗೆ ಮೀಸಲಿಡತಕ್ಕದ್ದು. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದಲ್ಲಿ ಲಾಟರಿ ಮೂಲಕ ಆಯ್ಕೆ ನಡೆಯುತ್ತದೆ. ಫಲಿತಾಂಶ ಪ್ರಕಟವಾದ ನಂತರ ಪೋಷಕರಲ್ಲಿ ಏಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಬಗೆಯವು: ಪಕ್ಕದ ಮನೆಯ ಮಗುವಿಗೆ ಸಿಕ್ಕ ಸೀಟು ತಮ್ಮ ಮಗುವಿಗೆ ಏಕೆ ಸಿಗಲಿಲ್ಲ, ಮುಂದಿನ ಬಾರಿಯಾದರೂ ಖಂಡಿತ ಸಿಗುವುದೇ, ಯಾರಿಗಾದರೂ ಹಣ ಕೊಟ್ಟಿದ್ದರೆ ಆಗುತ್ತಿತ್ತೇ. ಇವುಗಳಿಗೆ ಉತ್ತರ ಹತ್ತನೆಯ ತರಗತಿಯ ಗಣಿತದ ಸಂಭವನೀಯತೆ ಪಾಠದಲ್ಲಿಯೇ ಇದೆ.

ಮೂಲ ಸೂತ್ರ

ಎಲ್ಲ ಫಲಿತಗಳೂ ಸಮಾನವಾಗಿ ಘಟಿಸಬಹುದಾದಾಗ, ಅನುಕೂಲಕರ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಸಂಭವನೀಯತೆ. ಇದು ಸೊನ್ನೆಗಿಂತ ಕಡಿಮೆಯೂ ಒಂದಕ್ಕಿಂತ ಹೆಚ್ಚೂ ಆಗಲಾರದು. ನಾಣ್ಯ ಚಿಮ್ಮಿದಾಗ ತಲೆ ಬೀಳುವ ಸಂಭವನೀಯತೆ 1/2. ದಾಳ ಉರುಳಿಸಿದಾಗ ಆರು ಬೀಳುವುದು 1/6. ಲಾಟರಿಯಲ್ಲಿ ಸೀಟುಗಳ ಸಂಖ್ಯೆ ಮೇಲೆ, ಆ ಸೀಟುಗಳಿಗೆ ಸ್ಪರ್ಧಿಸುವ ಅರ್ಜಿಗಳ ಸಂಖ್ಯೆ ಕೆಳಗೆ. ಕಷ್ಟವಿರುವುದು ಈ ಎರಡು ಸಂಖ್ಯೆಗಳು ಯಾವುವೆಂದು ಸರಿಯಾಗಿ ಗುರುತಿಸುವುದರಲ್ಲಿ.

ಉದಾಹರಣೆಗೆ, ಕೃಷ್ಣರಾಜಪುರದ ಒಂದು ಶಾಲೆಯಲ್ಲಿ ಪ್ರವೇಶ ಹಂತದಲ್ಲಿ 40 ಸೀಟುಗಳಿವೆ ಎಂದು ಭಾವಿಸಿರಿ (ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿದವು). ಶೇ. 25 ಎಂದರೆ 10 ಸೀಟು. ಆದರೆ ಈ ಹತ್ತಕ್ಕೂ ಎಲ್ಲರೂ ಸ್ಪರ್ಧಿಗಳಲ್ಲ. ರಾಜ್ಯದ ಹಂಚಿಕೆಯಂತೆ ಪರಿಶಿಷ್ಟ ಜಾತಿಗೆ ಶೇ. 7.5, ಪರಿಶಿಷ್ಟ ಪಂಗಡಕ್ಕೆ ಶೇ. 1.5 ಹಾಗೂ ಇತರ ವರ್ಗಗಳಿಗೆ ಶೇ. 16. ಪೂರ್ಣಾಂಕಕ್ಕೆ ತಂದು ಕ್ರಮವಾಗಿ 3, 1 ಮತ್ತು 6 ಎಂದಿಟ್ಟುಕೊಳ್ಳಬಹುದು. ಇತರ ವರ್ಗದಲ್ಲಿ 48 ಅರ್ಜಿಗಳಿದ್ದರೆ ಸಂಭವನೀಯತೆ 6/48, ಅಂದರೆ 1/8. ಅನಾಥ ಮಕ್ಕಳು, ವಿಕಲಚೇತನ ಮಕ್ಕಳು ಮುಂತಾದ ಆದ್ಯತೆಯ ಮಕ್ಕಳಿಬ್ಬರು ಆ 48ರಲ್ಲಿದ್ದರೆ ಅವರಿಗೆ ಮೊದಲು ಸೀಟು ಸಲ್ಲುತ್ತದೆ; ಉಳಿದ 46 ಮಕ್ಕಳಿಗೆ 4 ಸೀಟು ಮಾತ್ರ. ಆಗ ಸಂಭವನೀಯತೆ 2/23ಕ್ಕೆ ಇಳಿಯುತ್ತದೆ. ಪಕ್ಕದ ಮನೆಯ ಮಗು ಬೇರೆ ವರ್ಗದಲ್ಲಿ ಅರ್ಜಿ ಹಾಕಿದ್ದಲ್ಲಿ ಅದರ ಲೆಕ್ಕವೇ ಬೇರೆ. ಒಂದೇ ವರ್ಗದಲ್ಲಿದ್ದು ಒಂದು ಮಗುವಿಗೆ ಸಿಕ್ಕು ಇನ್ನೊಂದಕ್ಕೆ ಸಿಗದಿದ್ದರೆ, ಅಷ್ಟರಿಂದಲೇ ಅನ್ಯಾಯವಾಗಿದೆ ಎನ್ನಲು ಬರುವುದಿಲ್ಲ. ಎಂಟರಲ್ಲಿ ಏಳು ಮಕ್ಕಳಿಗೆ ಸಿಗದಿರುವುದೇ ಆ ಲೆಕ್ಕದ ಅರ್ಥ.

ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸ

ಅರ್ಜಿಯನ್ನು ನೆರೆಹೊರೆಯ ಶಾಲೆಗೆ ಸಲ್ಲಿಸಬೇಕಾಗಿರುವುದರಿಂದ ಭಾಗಲಬ್ಧದ ಎರಡೂ ಸಂಖ್ಯೆಗಳು ವಾಸಸ್ಥಳವನ್ನು ಅವಲಂಬಿಸುತ್ತವೆ. ಇದರ ಜೊತೆಗೆ 2019-20ನೇ ಸಾಲಿನಿಂದ ಜಾರಿಗೆ ಬಂದ ನಿಯಮ ತಿದ್ದುಪಡಿಯಂತೆ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಅನುದಾನರಹಿತ ಶಾಲೆಯನ್ನು ಈ ಪಟ್ಟಿಗೆ ಸೇರಿಸಲಾಗುವುದಿಲ್ಲ. ಶಿವಾಜಿನಗರ, ಹಲಸೂರಿನಂತಹ ಹಳೆಯ ದಂಡು ಪ್ರದೇಶಗಳಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಬಹುಕಾಲದಿಂದ ಇವೆ. ಅಲ್ಲಿನ ನಿವಾಸಿಗಳು, ಇಂದಿರಾನಗರದ ಹೆಸರಾಂತ ಶಾಲೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡವರೂ ಸಹ, ಮೊದಲು ಪ್ರಕಟಿತ ಪಟ್ಟಿಯನ್ನು ನೋಡುವುದು ಒಳಿತು. ಪಟ್ಟಿಯಲ್ಲಿಲ್ಲದ ಶಾಲೆಯಲ್ಲಿ ಸೀಟು ಸಿಗುವ ಸಂಭವನೀಯತೆ ಕಡಿಮೆಯಲ್ಲ, ಸೊನ್ನೆ.

ಹಲವು ಶಾಲೆಗಳನ್ನು ಆಯ್ದಾಗ

ಮೇಲಿನ ಶಾಲೆಯಲ್ಲಿ 1/8, ಇನ್ನೊಂದರಲ್ಲಿ 20 ಅರ್ಜಿಗಳಿಗೆ 4 ಸೀಟು, ಅಂದರೆ 1/5 ಇದೆಯೆಂದಿಟ್ಟುಕೊಳ್ಳೋಣ. ಇವೆರಡನ್ನು ಕೂಡಿಸುವುದು ತಪ್ಪು. ಹಾಗೆ ಕೂಡಿಸುತ್ತ ಹೋದರೆ ತಲಾ 1/4 ಇರುವ ಐದು ಶಾಲೆಗಳಿಗೆ 5/4 ಬರುತ್ತದೆ. ಒಂದಕ್ಕಿಂತ ಹೆಚ್ಚಿನ ಸಂಭವನೀಯತೆ ಎಂಬುದಿಲ್ಲ. ಸರಿಯಾದ ಕ್ರಮವೆಂದರೆ ಸಿಗದಿರುವ ಸಂಭವನೀಯತೆಗಳನ್ನು ಗುಣಿಸುವುದು: 7/8 × 4/5 = 7/10. ಇದನ್ನು ಒಂದರಿಂದ ಕಳೆದರೆ ಯಾವುದಾದರೂ ಒಂದು ಶಾಲೆಯಲ್ಲಿ ಸಿಗುವ ಸಂಭವನೀಯತೆ 3/10. ಎರಡು ಆಯ್ಕೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆದಾಗ ಮಾತ್ರ ಈ ಗುಣಾಕಾರ ಸಲ್ಲುತ್ತದೆ. ಒಂದೇ ಕ್ರಮಸಂಖ್ಯೆಯನ್ನು ಎಲ್ಲ ಶಾಲೆಗಳಿಗೂ ಬಳಸುವ ಪದ್ಧತಿಯಲ್ಲಿ ಒಂದು ಕಡೆ ಹಿಂದೆ ಬಿದ್ದ ಮಗು ಇನ್ನೊಂದು ಕಡೆಯೂ ಹಿಂದೆ ಬೀಳುವ ಸಾಧ್ಯತೆ ಹೆಚ್ಚು.

ಹಿಂದಿನ ಬಾರಿ ಸಿಗದಿದ್ದವರಿಗೆ

ಕೆಲವು ಶಾಲೆಗಳಲ್ಲಿ ಪ್ರವೇಶ ಎಲ್.ಕೆ.ಜಿ.ಯಿಂದ, ಕೆಲವು ಕಡೆ 1ನೇ ತರಗತಿಯಿಂದ. ಆದ್ದರಿಂದ ಮೊದಲ ಹಂತದಲ್ಲಿ ಆಯ್ಕೆಯಾಗದ ಮಗುವಿಗಾಗಿ ಪೋಷಕರು ನಂತರ ಮತ್ತೆ ಪ್ರಯತ್ನಿಸುವುದುಂಟು. ಎರಡೂ ಬಾರಿ ಸಂಭವನೀಯತೆ 1/8 ಇದ್ದರೆ, ಪ್ರಾರಂಭದಲ್ಲಿ ನಿಂತು ನೋಡಿದಾಗ ಒಮ್ಮೆಯಾದರೂ ಸಿಗುವುದು 15/64. ಆದರೆ ಮೊದಲ ಬಾರಿ ಸಿಗದೆ ಹೋದ ಮೇಲೆ ಎರಡನೆಯ ಬಾರಿಗೆ ಉಳಿದಿರುವುದು ಅದೇ 1/8. ಲಾಟರಿಗೆ ನೆನಪಿಲ್ಲ. ಒಮ್ಮೆ ನಿರಾಶರಾದವರಿಗೆ ಮುಂದಿನ ಸಲ ಪಾಳಿ ಬಂದೇ ಬರುತ್ತದೆ ಎಂದು ನಂಬಿ ಬೇರೆ ಯಾವ ಶಾಲೆಯಲ್ಲಿಯೂ ಪ್ರವೇಶ ಕೋರದೆ ಕುಳಿತರೆ ಮಗುವಿನ ಒಂದು ವರ್ಷವೇ ಕೈತಪ್ಪಬಹುದು.

'ಕೆಲಸ ಆಗದಿದ್ದರೆ ಹಣ ವಾಪಸು'

ಈ ಮಾತನ್ನು ಪೋಷಕರು ವಿಶೇಷವಾಗಿ ಗಮನಿಸತಕ್ಕದ್ದು. ಮಧ್ಯವರ್ತಿಯೊಬ್ಬನು ಮೇಲಿನ 48 ಅರ್ಜಿದಾರರ ಪೈಕಿ 16 ಮಂದಿಯಿಂದ ತಲಾ 10,000 ರೂ. ಪಡೆದು, ಸೀಟು ಸಿಗದಿದ್ದರೆ ಪೂರ್ತಿ ಹಿಂದಿರುಗಿಸುವ ಭರವಸೆ ಕೊಡುತ್ತಾನೆ ಎಂದುಕೊಳ್ಳಿರಿ. ಅವನು ಏನನ್ನೂ ಮಾಡುವುದಿಲ್ಲ. ಮಾಡಲು ಏನೂ ಇಲ್ಲ. ಲಾಟರಿಯಲ್ಲಿ ಸರಾಸರಿ 16ರ 1/8, ಅಂದರೆ ಇಬ್ಬರಿಗೆ ಸೀಟು ತಾನಾಗಿಯೇ ಬರುತ್ತದೆ. ಹದಿನಾಲ್ಕು ಮಂದಿಗೆ ಹಣ ಹಿಂದಿರುಗಿಸಿ 'ಪ್ರಾಮಾಣಿಕ' ಎನಿಸಿಕೊಂಡು 20,000 ರೂ. ಉಳಿಸಿಕೊಳ್ಳುತ್ತಾನೆ. ಸೀಟು ಪಡೆದ ಇಬ್ಬರು ಅವನಿಂದಲೇ ಆಯಿತೆಂದು ಬೀದಿಯಲ್ಲೆಲ್ಲ ಹೇಳುತ್ತಾರೆ.

ಆ 16 ಮಂದಿಯಲ್ಲಿ ಒಬ್ಬರಿಗೂ ಸಿಗದೆ ಅವನು ಬರಿಗೈಯಲ್ಲಿ ಉಳಿಯುವ ಸಂಭವ ಎಷ್ಟು? 48ರಿಂದ 6 ಮಕ್ಕಳನ್ನು ಆರಿಸುವ ವಿಧಾನಗಳು 1,22,71,512. ಉಳಿದ 32ರಿಂದಲೇ ಆರೂ ಮಕ್ಕಳನ್ನು ಆರಿಸುವ ವಿಧಾನಗಳು 9,06,192. ಭಾಗಿಸಿದರೆ ನೂರಕ್ಕೆ ಸುಮಾರು 7. ಅಂದರೆ ನೂರಕ್ಕೆ 93ರಷ್ಟು ಅವನಿಗೆ ಲಾಭವೇ. ಇಂತಹ ಆಯ್ಕೆಗಳನ್ನು ಎಣಿಸುವ ಸೂತ್ರ ನಮ್ಮ ನಾಡಿಗೆ ಹೊಸತೇನಲ್ಲ; ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಅದನ್ನು ಕೊಟ್ಟಿದ್ದಾರೆ. ಪಣಕ್ಕೆ ಸಂಬಂಧಿಸಿದ ಸಂಭವನೀಯತೆಯ ಲೆಕ್ಕವನ್ನು ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಚರ್ಚಿಸಿದ್ದು 1654ರಲ್ಲಿ.

ಎರಡನೆಯ ಸುತ್ತು

ಆಯ್ಕೆಯಾದ ಮಕ್ಕಳಲ್ಲಿ ಕೆಲವರು ನಿಗದಿತ ದಿನಾಂಕದೊಳಗೆ ದಾಖಲಾಗದಿದ್ದಲ್ಲಿ ಆ ಸೀಟುಗಳು ಮುಂದಿನ ಸುತ್ತಿಗೆ ಬರುತ್ತವೆ. ಮೇಲಿನ ಉದಾಹರಣೆಯಲ್ಲಿ ಆದ್ಯತೆಯ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ, 42 ಮಕ್ಕಳು ಉಳಿದಿರುವಾಗ 2 ಸೀಟು ಖಾಲಿಯಾದರೆ ಸಂಭವನೀಯತೆ 1/21; ಅವರಲ್ಲಿ 28 ಮಕ್ಕಳು ಈಗಾಗಲೇ ಬೇರೆಡೆ ಸೇರಿಕೊಂಡು ಸ್ಪರ್ಧೆಯಿಂದ ಹೊರಗುಳಿದರೆ 1/7, ಅಂದರೆ ಮೊದಲ ಸುತ್ತಿಗಿಂತಲೂ ತುಸು ಹೆಚ್ಚು. ಆದಕಾರಣ ಮೊದಲ ಸುತ್ತಿನಲ್ಲಿ ಹೆಸರು ಬಾರದ ಪೋಷಕರು ಅರ್ಜಿಯ ಸ್ವೀಕೃತಿ ಪ್ರತಿಯನ್ನು ಕಾಯ್ದಿರಿಸಿಕೊಂಡು, ಅರ್ಜಿಯಲ್ಲಿ ನೀಡಿದ ಮೊಬೈಲ್ ಸಂಖ್ಯೆಯನ್ನು ಚಾಲ್ತಿಯಲ್ಲಿಟ್ಟುಕೊಂಡು, ಮುಂದಿನ ಸುತ್ತಿನ ಪ್ರಕಟಣೆಯನ್ನು ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಬಹುದು.