ಛತ್ರ ನೋಡೋಕೆ ಹೋದಾಗ ಬೆಳಕನ್ನೂ ನೋಡಿ

ನಾನು ಎರಡನೇ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ವರ್ಷ ನಮ್ಮ ಅಕ್ಕನ ಮದುವೆ ಆಯ್ತು. ಅಪ್ಪ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕೆಲಸ ಮಾಡೋದು, ಹಾಗಾಗಿ ಛತ್ರವೂ ಅಲ್ಲೇ ಹತ್ತಿರ ಸಿಕ್ಕಿತು. ಬಾಡಿಗೆ ಕಡಿಮೆ, ಪಾರ್ಕಿಂಗ್ ಇದೆ, ಊಟದ ಹಾಲ್ ದೊಡ್ಡದು. ಎಲ್ಲರೂ ಖುಷಿ. ಮೂರು ತಿಂಗಳಾದ ಮೇಲೆ ಆಲ್ಬಂ ಬಂತು. ಅಜ್ಜಿ ಕನ್ನಡಕ ಹಾಕ್ಕೊಂಡು ಮೊದಲಿಂದ ಕೊನೇವರೆಗೂ ಪುಟ ತಿರುಗಿಸಿ, "ಏನೋ ಮಗ, ನಾನು ಮದುವೆಗೇ ಬಂದಿರ್ಲಿಲ್ವಾ?" ಅಂತ ಕೇಳಿದ್ರು.

ಬಂದಿದ್ರು. ಆದ್ರೆ ಸ್ಟೇಜ್‌ಗೆ ಏಳು ಮೆಟ್ಟಿಲು, ಹಿಡ್ಕೊಳ್ಳೋಕೆ ಕಂಬಿ ಇಲ್ಲ. ಮಂಡಿನೋವು ಇರೋ ಅಜ್ಜಿ ಪೂರ್ತಿ ಮುಹೂರ್ತ ಕೆಳಗೆ ಮೊದಲನೇ ಸಾಲಲ್ಲೇ ಕೂತಿದ್ರು. ಅವರದ್ದು ಅಂತ ಸಿಕ್ಕಿದ್ದು ಒಂದೇ ಫೋಟೋ, ನೆಲಮಹಡಿಯ ಊಟದ ಹಾಲ್‌ನಲ್ಲಿ, ಎಲೆ ಮುಂದೆ. ಟ್ಯೂಬ್‌ಲೈಟ್ ಕೆಳಗೆ ಮುಖ ಹಸಿರು ಹಸಿರಾಗಿದೆ. ಮನೆಯವರೆಲ್ಲ ಫೋಟೋಗ್ರಾಫರ್‌ನ ಬೈದ್ರು. ನಾನೂ ಬೈದೆ. ಆಮೇಲೆ ಕಾಲೇಜ್ ಫೋಟೋಗ್ರಫಿ ಕ್ಲಬ್‌ನಲ್ಲಿ ಕ್ಯಾಮೆರಾ ಹಿಡಿದು ಸ್ವಲ್ಪ ಕಲಿತ ಮೇಲೆ ಅರ್ಥ ಆಯ್ತು, ಅರ್ಧಕ್ಕರ್ಧ ತಪ್ಪು ಅವರದಲ್ಲ, ಛತ್ರದ್ದು. ಅದನ್ನ ಆರಿಸಿದ ನಮ್ಮದು.

ಈಗ ಚಿಕ್ಕಪ್ಪನ ಮಗಳ ಮದುವೆ. ಛತ್ರ ನೋಡೋ ಕೆಲಸದಲ್ಲಿ ನನ್ನನ್ನೂ ಸೇರಿಸಿಕೊಂಡ್ರು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೂರೂ ಕಡೆ ಸುತ್ತಿ ಕಲಿತಿದ್ದನ್ನ ಇಲ್ಲಿ ಬರೀತಿದ್ದೀನಿ. ನಿಮ್ಮ ಮನೆಯಲ್ಲೂ ಒಬ್ಬ ಅಕ್ಕನೋ ಅಣ್ಣನೋ ಇರ್ತಾರಲ್ವಾ, ಉಪಯೋಗಕ್ಕೆ ಬರಬಹುದು.

ಮುಹೂರ್ತದ ಟೈಮಿಗೇ ಹೋಗಿ ನೋಡಿ

ಎಲ್ಲರೂ ಮಾಡೋ ಮೊದಲ ತಪ್ಪು ಇದು. ಭಾನುವಾರ ಸಂಜೆ ಬಿಡುವಾಗಿ ಹೋಗಿ ಛತ್ರ ನೋಡ್ತೀವಿ. ಮ್ಯಾನೇಜರ್ ಎಲ್ಲ ಲೈಟೂ ಹಾಕಿ ತೋರಿಸ್ತಾರೆ, ಜಗಮಗ ಅನ್ಸತ್ತೆ. ಆದ್ರೆ ಧಾರೆ ಇರೋದು ಬೆಳಿಗ್ಗೆ. ಮುಹೂರ್ತ 9 ಗಂಟೆಗೆ ಅಂದ್ರೆ 9 ಗಂಟೆಗೇ ಹೋಗಿ. ರಿಸೆಪ್ಷನ್ ಹಿಂದಿನ ದಿನ ಸಂಜೆ ಆಗಿದ್ರೆ ಇನ್ನೊಂದ್ಸಲ ಸಂಜೆ ಹೋಗಿ. ಒಂದೇ ಹಾಲ್ ಎರಡು ಹೊತ್ತಿಗೆ ಎರಡು ಹಾಲ್ ಇದ್ದ ಹಾಗೆ.

ಕಿಟಕಿ ಎಲ್ಲಿದೆ?

ನಮ್ಮ ಕಡೆ ಸಾಮಾನ್ಯವಾಗಿ ವಧೂವರರನ್ನ ಪೂರ್ವಕ್ಕೆ ಮುಖ ಮಾಡಿ ಕೂರಿಸ್ತಾರೆ. ಅಂದ್ರೆ ಮಂಟಪದ ಎದುರಿಗಿರೋ ಪೂರ್ವದ ಗೋಡೆಯಲ್ಲಿ ದೊಡ್ಡ ಕಿಟಕಿ ಇದ್ರೆ ಬೆಳಗಿನ ಬೆಳಕು ನೇರ ಅವರ ಮುಖಕ್ಕೇ ಬೀಳತ್ತೆ. ಬಿಸಿಲು ಕಣ್ಣಿಗೆ ಹೊಡೆದ್ರೆ ಒಂದು ತೆಳು ಬಿಳಿ ಪರದೆ ಸಾಕು. ಇದೇ ಕಿಟಕಿ ಮಂಟಪದ ಹಿಂದೆ ಇದ್ರೆ ಕಥೆ ಉಲ್ಟಾ. ಹಿಂದೆ ಬೆಳಕು ಜಾಸ್ತಿ ಆಗಿ ಮುಖ ಕಪ್ಪಾಗತ್ತೆ.

ಒಂದು ಸೂಕ್ಷ್ಮ ಇದೆ. ಅಂತರಪಟ ಹಿಡಿದಾಗ ಗಂಡು ಹೆಣ್ಣು ಎದುರುಬದುರು ನಿಂತಿರ್ತಾರೆ. ಒಬ್ಬರ ಮುಖಕ್ಕೆ ಬೆಳಕು, ಇನ್ನೊಬ್ಬರ ಬೆನ್ನಿಗೆ ಬೆಳಕು. ಪರದೆ ಸರಿದು ಜೀರಿಗೆ ಬೆಲ್ಲ ಹಾಕೋದು ಕೆಲವೇ ಸೆಕೆಂಡ್. ಆಗ ಪಕ್ಕದಿಂದಲೂ ಸ್ವಲ್ಪ ಬೆಳಕು ಬಂದ್ರೆ ಮಾತ್ರ ಇಬ್ಬರ ಮುಖಾನೂ ಚೆನ್ನಾಗಿ ಬರತ್ತೆ. ಹಾಗಾಗಿ ಉತ್ತರ ಅಥವಾ ದಕ್ಷಿಣದ ಕಡೆ ಬಾಗಿಲೋ ಕಿಟಕಿಯೋ ಇದೆಯಾ ನೋಡ್ಕೊಳ್ಳಿ.

ಬಣ್ಣದ ಲೈಟ್ ಅನ್ನೋ ತಲೆನೋವು

ಬೆಳಕಿಗೆ ಒಂದು ಬಣ್ಣದ ತಾಪಮಾನ ಇರತ್ತೆ, ಕೆಲ್ವಿನ್‌ನಲ್ಲಿ ಅಳೀತಾರೆ. ಹಳದಿ ಬಲ್ಬ್ ಸುಮಾರು 3000, ಮಧ್ಯಾಹ್ನದ ಬಿಸಿಲು ಸುಮಾರು 5500, ಬಿಳಿ ಟ್ಯೂಬ್‌ಲೈಟ್ 6500ರ ಹತ್ತಿರ. ನಮ್ಮ ಕಣ್ಣು ಇದನ್ನೆಲ್ಲ ತಾನೇ ಸರಿಮಾಡ್ಕೊಳ್ಳತ್ತೆ. ಕ್ಯಾಮೆರಾಗೆ ಒಂದು ಫೋಟೋಗೆ ಒಂದೇ ವೈಟ್ ಬ್ಯಾಲೆನ್ಸ್. ವೈಟ್‌ಫೀಲ್ಡ್ ಕಡೆ ನೋಡಿದ ಒಂದು ಹಾಲ್‌ನಲ್ಲಿ ಒಂದು ಗೋಡೆ ಪೂರ್ತಿ ಗಾಜು, ಮೇಲೆಲ್ಲ ಹಳದಿ ದೀಪ. ನೋಡೋಕೆ ಸೂಪರ್. ಫೋನಲ್ಲಿ ಅಪ್ಪನ ಫೋಟೋ ತೆಗೆದೆ, ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಕಿತ್ತಳೆ.

ಇದನ್ನಾದ್ರೂ ಎಡಿಟಿಂಗ್‌ನಲ್ಲಿ ಸ್ವಲ್ಪ ಸರಿ ಮಾಡಬಹುದು. ನೇರಳೆ, ಕೆಂಪು ಎಲ್‌ಇಡಿ ಲೈಟ್ ಮುಖಕ್ಕೆ ಬಿಟ್ರೆ ಅದೂ ಕಷ್ಟ. ಆ ಬೆಳಕಲ್ಲಿ ಹಸಿರು ಅಂಶ ಇಲ್ಲವೇ ಇಲ್ಲ ಅಂದ್ಮೇಲೆ ಚರ್ಮದ ನಿಜವಾದ ಬಣ್ಣ ಸೆನ್ಸರ್‌ಗೆ ಸೇರೋದೇ ಇಲ್ಲ. ಇಲ್ಲದ ಮಾಹಿತಿಯನ್ನ ಯಾವ ಸಾಫ್ಟ್‌ವೇರೂ ಸರಿಯಾಗಿ ವಾಪಸ್ ತರಲ್ಲ. ಅದಕ್ಕೇ ಬುಕ್ ಮಾಡೋ ಮುಂಚೆ ಕೇಳಿ: "ಧಾರೆ ಹೊತ್ತಲ್ಲಿ ಬಣ್ಣದ ಲೈಟ್ ಆಫ್ ಮಾಡ್ತೀರಾ?" ಎಷ್ಟೋ ಕಡೆ ಡೆಕೋರೇಷನ್ ಅವರದ್ದೇ ಮಾಡಿಸ್ಬೇಕು ಅಂತ ಇರತ್ತೆ, ಸ್ವಿಚ್ಚೂ ಅವರ ಕೈಯಲ್ಲೇ. ಬಾಯಿಮಾತಿಗಿಂತ ರಶೀದಿ ಮೇಲೆ ಬರೆಸ್ಕೊಂಡ್ರೆ ಒಳ್ಳೇದು.

ಪಟ್ಟೆ ಪಟ್ಟೆ ಯಾಕೆ ಬರತ್ತೆ

ಅಕ್ಕನ ತಾಳಿ ಕಟ್ಟೋ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಇದೆ. ಇದು ನಮ್ಮ ಬ್ರಾಂಚ್‌ನವರಿಗೆ ಸುಲಭವಾಗಿ ಅರ್ಥ ಆಗತ್ತೆ. ನಮ್ಮ ಕರೆಂಟ್ 50 ಹರ್ಟ್ಜ್. ಒಂದು ಸೈಕಲ್‌ನಲ್ಲಿ ಎರಡು ಸಲ ಗರಿಷ್ಠ, ಅಂದ್ರೆ ಹಳೇ ಚೋಕ್ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗ್ತಾ ಇರತ್ತೆ. ಶಟರ್ 1/100 ಅಥವಾ 1/50 ಸೆಕೆಂಡ್ ಇಟ್ರೆ ಏರಿಳಿತ ಪೂರ್ತಿ ಸೇರಿ ಸರಾಸರಿ ಆಗಿಬಿಡತ್ತೆ. 1/500 ಇಟ್ರೆ ಅದರ ಒಂದು ತುಂಡು ಮಾತ್ರ ಸಿಗತ್ತೆ. ಫೋಟೋದ ಮೇಲಿನ ಸಾಲು, ಕೆಳಗಿನ ಸಾಲು ಬೇರೆ ಬೇರೆ ಕ್ಷಣದಲ್ಲಿ ದಾಖಲಾಗೋದ್ರಿಂದ ಪಟ್ಟೆ ಕಾಣತ್ತೆ. ಸ್ಟೇಜ್ ಹಿಂದಿನ ಎಲ್‌ಇಡಿ ವಾಲ್ ಇನ್ನೂ ಬೇರೆ, ಅದು ತನ್ನದೇ ವೇಗದಲ್ಲಿ ಮಿನುಗತ್ತೆ, ಈ 1/100ರ ಲೆಕ್ಕ ಅದಕ್ಕೆ ನಡೆಯಲ್ಲ.

ಪರೀಕ್ಷೆ ಮಾಡೋದು ಒಂದು ನಿಮಿಷದ ಕೆಲಸ. ಫೋನ್ ಕ್ಯಾಮೆರಾದಲ್ಲಿ ಪ್ರೋ ಮೋಡ್ ತೆಗೆದು ಶಟರ್ 1/1000 ಇಟ್ಟು ಲೈಟ್ ಕಡೆ ಹಿಡಿಯಿರಿ. ಪಟ್ಟೆ ಕಂಡ್ರೆ ಫೋಟೋಗ್ರಾಫರ್‌ಗೆ ಮುಂಚೇನೇ ಹೇಳಿ. ಪ್ರೋ ಮೋಡ್ ಇಲ್ಲದಿದ್ರೆ ಸ್ಲೋ ಮೋಷನ್ ವಿಡಿಯೋ ಮಾಡಿ, ಮಿನುಗೋದು ಗೊತ್ತಾಗತ್ತೆ.

ತಲೆ ಎತ್ತಿ ಸೀಲಿಂಗ್ ನೋಡಿ

ಫ್ಲಾಶನ್ನ ನೇರ ಮುಖಕ್ಕೆ ಹೊಡೆದ್ರೆ ಹಣೆ ಹೊಳೆಯತ್ತೆ. ಅದಕ್ಕೇ ಸೀಲಿಂಗ್‌ಗೆ ಹೊಡೆದು ಅಲ್ಲಿಂದ ವಾಪಸ್ ಬರೋ ಮೆತ್ತನೆ ಬೆಳಕಲ್ಲಿ ತೆಗೀತಾರೆ. ಆದ್ರೆ ಬೆಳಕು ದೂರದ ವರ್ಗಕ್ಕೆ ತಕ್ಕ ಹಾಗೆ ಕಡಿಮೆ ಆಗತ್ತೆ, ಪಿಯುಸಿಯಲ್ಲಿ ಓದಿದ್ದೀವಿ. ಕ್ಯಾಮೆರಾ 5 ಅಡಿ ಎತ್ತರದಲ್ಲಿದೆ ಅನ್ಕೊಳ್ಳಿ. ಸೀಲಿಂಗ್ 10 ಅಡಿ ಇದ್ರೆ ಹೋಗಿ ಬರೋ ದಾರಿ ಸುಮಾರು 10 ಅಡಿ. ಸೀಲಿಂಗ್ 30 ಅಡಿ ಇದ್ರೆ 50 ಅಡಿ. ದೂರ ಐದು ಪಟ್ಟು, ಬೆಳಕು ಇಪ್ಪತ್ತೈದರಲ್ಲಿ ಒಂದು ಪಾಲು! ಅದರ ಮೇಲೆ ಕಪ್ಪು ಬಣ್ಣ ಬಳಿದಿದ್ರೆ ಮುಗೀತು. ಎಲೆಕ್ಟ್ರಾನಿಕ್ ಸಿಟಿ ಕಡೆ ಇಂಥ ದೊಡ್ಡ ಹಾಲ್ ನೋಡಿದ್ವಿ. ಅಂಥ ಕಡೆ ಸ್ಟ್ಯಾಂಡ್ ಮೇಲೆ ಬೇರೆ ಲೈಟ್ ಇಡ್ಲೇಬೇಕು, ಅದಕ್ಕೆ ಜಾಗ, ಪ್ಲಗ್ ಪಾಯಿಂಟ್ ಇದೆಯಾ ಕೇಳಿ. ಸಣ್ಣ ಛತ್ರದ ತಗ್ಗು ಬಿಳಿ ಸೀಲಿಂಗ್ ಈ ವಿಷಯದಲ್ಲಿ ಗೆಲ್ಲತ್ತೆ.

ಎಷ್ಟು ಅಗಲವೋ ಅಷ್ಟು ದೂರ

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್‌ಗೆ ಒಂದು ಸುಲಭ ಲೆಕ್ಕ ಇದೆ. 20 ಅಡಿ ಅಗಲದ ಗುಂಪು ಸಿಗಬೇಕಂದ್ರೆ ಸುಮಾರು 20 ಅಡಿ ಹಿಂದೆ ನಿಲ್ಲಬೇಕು. 50 ಎಂಎಂ ಆದ್ರೆ 28 ಅಡಿ. ನಮ್ಮ ಛತ್ರದಲ್ಲಿ ಸ್ಟೇಜ್ ಮುಂದೇನೇ ವಿಐಪಿ ಸೋಫಾ ಇಟ್ಟಿದ್ರು. ಫೋಟೋಗ್ರಾಫರ್‌ಗೆ ಸಿಕ್ಕಿದ್ದು 12 ಅಡಿ. ಪಾಪ, ತುಂಬಾ ವೈಡ್ ಲೆನ್ಸ್ ಹಾಕಿದ್ರು. ಅದು ಅಂಚಲ್ಲಿರೋದನ್ನ ಎಳೆದು ತೋರಿಸತ್ತೆ, ತುದಿಯಲ್ಲಿ ನಿಂತ ದೊಡ್ಡಮ್ಮ ಇವತ್ತಿಗೂ ಆ ಫೋಟೋ ನೋಡಲ್ಲ. ಸೋಫಾ ಹಿಂದಕ್ಕೆ ಸರಿಸೋಕೆ ಒಂದು ರೂಪಾಯಿ ಖರ್ಚಿಲ್ಲ, ಕೇಳಬೇಕು ಅಷ್ಟೇ.

ಲಾನ್ ಮತ್ತು ಡ್ರೋನ್

ಲಾನ್‌ನಲ್ಲಿ ರಿಸೆಪ್ಷನ್ ಅಂದ್ರೆ ಎರಡು ವಿಷಯ. ಬೆಂಗಳೂರಲ್ಲಿ ಸೂರ್ಯ ಮುಳುಗೋದು ವರ್ಷ ಪೂರ್ತಿ ನೋಡಿದ್ರೆ ಸುಮಾರು 5:50ರಿಂದ 6:50ರ ಒಳಗೆ. ಕಾರ್ಡ್‌ನಲ್ಲಿ 7 ಗಂಟೆ ಅಂತ ಹಾಕಿಸಿದ್ರೆ ಆ ಚಿನ್ನದಂಥ ಬೆಳಕು ಮುಗಿದೇ ಹೋಗಿರತ್ತೆ. ಜೋಡಿ ಫೋಟೋ ಬೇಕಿದ್ರೆ 5 ಗಂಟೆಗೇ ರೆಡಿ ಆಗ್ಬೇಕು. ಇನ್ನೊಂದು, ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ನಮಗೆ ಹೊಸದಲ್ಲ. ಮಳೆ ಬಂದ್ರೆ ಒಳಗೆ ಯಾವ ಹಾಲ್ ಕೊಡ್ತಾರೆ ಅಂತ ಕೇಳಿ ಅದನ್ನೂ ನೋಡಿ.

ಡ್ರೋನ್ ಆಸೆ ಇದ್ರೆ ಮೊದಲು ಡಿಜಿಟಲ್ ಸ್ಕೈ ಮ್ಯಾಪ್ ನೋಡಿ. ಡ್ರೋನ್ ನಿಯಮ 2021ರಲ್ಲಿ ಏರ್‌ಪೋರ್ಟ್ ಸುತ್ತಲಿನ ಹಳದಿ ವಲಯವನ್ನ 45 ಕಿಲೋಮೀಟರ್‌ನಿಂದ 12ಕ್ಕೆ ಇಳಿಸಿದ್ದಾರೆ ನಿಜ. ಆದ್ರೆ ವೈಟ್‌ಫೀಲ್ಡ್ ದಾರಿಯಲ್ಲೇ ಎಚ್‌ಎಎಲ್ ಏರ್‌ಪೋರ್ಟ್ ಇದೆ, ಪೀಣ್ಯ ಪಕ್ಕದಲ್ಲೇ ಜಾಲಹಳ್ಳಿಯ ವಾಯುಪಡೆ ನೆಲೆ ಇದೆ. "ಎಲ್ಲರೂ ಹಾರಿಸ್ತಾರೆ ಸಾರ್" ಅನ್ನೋ ಮಾತು ನಂಬಬೇಡಿ.

ಕೊನೆಗೆ, ಮೆಟ್ಟಿಲು

ಇಷ್ಟೆಲ್ಲ ಹೇಳಿದಾಗ ಅಮ್ಮ ಕೇಳಿದ್ರು, "ಮದುವೆ ಮಾಡೋದು ಫೋಟೋಗೇನೋ?" ಸರಿಯಾದ ಪ್ರಶ್ನೆ. ಊಟ ಚೆನ್ನಾಗಿರ್ಬೇಕು, ಬಂದವರಿಗೆ ದಾರಿ ಸುಲಭ ಇರ್ಬೇಕು, ಅಪ್ಪನ ಸಾಲ ಬೆಳೀಬಾರ್ದು. ಫೋಟೋ ಅದಾದ ಮೇಲೇನೇ. ಆದ್ರೆ ಮೇಲೆ ಬರೆದಿದ್ರಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಕಿಲ್ಲ. ಲೈಟ್ ಆರಿಸೋದು, ಸೋಫಾ ಸರಿಸೋದು, ಸರಿಯಾದ ಹೊತ್ತಿಗೆ ಹೋಗಿ ನೋಡೋದು.

ಮತ್ತೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಮನೆಯ ಅತಿ ಹಿರಿಯರು ಸ್ಟೇಜ್ ಹತ್ತಬಲ್ಲರಾ? ಹತ್ತೋಕಾಗದಿದ್ರೆ ಕ್ಯಾಮೆರಾ ಎಷ್ಟು ಲಕ್ಷದ್ದಾದ್ರೂ ಆಲ್ಬಂನಲ್ಲಿ ಅವರಿರಲ್ಲ. ಇಳಿಜಾರು ಇದೆಯಾ, ಕಂಬಿ ಇದೆಯಾ, ಊಟದ ಹಾಲ್‌ಗೆ ಲಿಫ್ಟ್ ಇದೆಯಾ ನೋಡಿ. ಏನೂ ಇಲ್ಲದಿದ್ರೆ ವಧೂವರರೇ ಹತ್ತು ನಿಮಿಷ ಕೆಳಗಿಳಿದು ಬಂದು ಅವರ ಪಕ್ಕ ಕೂತು ಫೋಟೋ ತೆಗೆಸ್ಕೊಳ್ಳೋ ಹಾಗೆ ಮೊದಲೇ ಮಾತಾಡಿಕೊಳ್ಳಿ. ಅಕ್ಕನ ಮದುವೆಯಲ್ಲಿ ಈ ಹತ್ತು ನಿಮಿಷ ನಮಗೆ ಯಾರಿಗೂ ಹೊಳೀಲಿಲ್ಲ.

ಚಿಕ್ಕಪ್ಪ ಕೊನೆಗೆ ಒಪ್ಪಿದ್ದು ನಾಗಸಂದ್ರ ಮೆಟ್ರೋ ಹತ್ತಿರದ ಒಂದು ಸಾಧಾರಣ ಛತ್ರ. ಹೊರಗಿಂದ ಏನೂ ವಿಶೇಷ ಇಲ್ಲ. ಪೂರ್ವಕ್ಕೆ ಕಿಟಕಿ, ಬಿಳಿ ಸೀಲಿಂಗ್, ಸ್ಟೇಜ್‌ಗೆ ಎರಡೇ ಮೆಟ್ಟಿಲು. ಮದುವೆ ಮುಂದಿನ ತಿಂಗಳು. ಯಾವ ಸೀರೆ ಉಡ್ಲಿ ಅಂತ ಅಜ್ಜಿ ಈಗಲೇ ಕೇಳ್ತಿದ್ದಾರೆ.

ನೀವೂ ಛತ್ರ ನೋಡೋಕೆ ಹೋಗೋರಿದ್ರೆ, ಏನಾದ್ರೂ ಡೌಟ್ ಇದ್ರೆ ಕ್ಯಾಂಟೀನ್‌ನಲ್ಲಿ ಸಿಗಿ. ಕಾಫಿ ನಿಮ್ಮದು, ಲೆಕ್ಕ ನನ್ನದು.